ಬಣ್ಣದ ಮೇಲೆ ಕೊಟ್ಟ ಅರ್ಥ್

ಶಿಕಾರಿಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಹೇಳಿದವನು ನಾನು. ವಿದ್ಯುತ್ತಿನ ಪಾಠವನ್ನಂತೂ ಪುಸ್ತಕ ತೆರೆಯದೆ ಹೇಳುತ್ತಿದ್ದೆ. ಅಂಥವನಿಗೆ ಸ್ವಂತ ಕಾರಿನಲ್ಲಿ ಒಂದು ತಂತಿಯನ್ನು ನೆಟ್ಟಗೆ ಕೂರಿಸಲು ಬರಲಿಲ್ಲ ಎಂಬ ಸಂಗತಿಯನ್ನು ನಿವೃತ್ತಿಯಾಗುವವರೆಗೂ ಗುಟ್ಟಾಗಿ ಇಟ್ಟುಕೊಂಡಿದ್ದೆ. ಈಗ ಯಾರೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಲಾರರು, ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಮೂರು ಕೈ ದಾಟಿ ನನ್ನ ಕೈಗೆ ಬಂದ ಹಾಲುಬಣ್ಣದ ಹಳೆಯ ಕಾರೊಂದಿತ್ತು. ಆಗೆಲ್ಲ ಗಾಡಿಗಿಂತ ಅದರೊಳಗಿನ ಟೇಪಿಗೇ ಹೆಚ್ಚು ಮರ್ಯಾದೆ. ಶಿರಾಳಕೊಪ್ಪದ ಸಂತೆಗೆ ಹೋಗುವ ಟೆಂಪೋಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿದ್ದವು. ನನಗೆ ಅಂಥ ಶೋಕಿ ಇರಲಿಲ್ಲ. ಕಾರಿಗೆ ಆಂಪ್ಲಿಫೈಯರ್ ಬೇಕೆಂದವಳು ನನ್ನ ಹೆಂಡತಿ ಗಿರಿಜಾ.

ಕಾರಣ ಅವಳ ತಾಯಿ. ಸೊರಬದಾಚೆ ಉಳವಿಯಲ್ಲಿದ್ದ ನಮ್ಮತ್ತೆ ಗೌರಮ್ಮ ಒಂದು ಕಾಲಕ್ಕೆ ಸುತ್ತಲಿನ ಊರುಗಳ ಮದುವೆಗೆಲ್ಲ ಸೋಬಾನೆ ಹಾಡಿದವರು. ಮಾವ ತೀರಿಕೊಂಡ ಮೇಲೆ ಮೂರು ವರ್ಷ ಒಂದು ಸಾಲನ್ನೂ ಹಾಡಿರಲಿಲ್ಲ. "ಅದು ಮುತ್ತೈದೆರ ಹಾಡು, ನಂಗ್ಯಾಕೆ" ಎನ್ನುತ್ತಿದ್ದರು. ಹಿಂದೆ ಯಾವುದೋ ಮದುವೆಯಲ್ಲಿ ಅವರು ಹಾಡಿದ್ದ ಕ್ಯಾಸೆಟ್ ಗಿರಿಜಾಳ ಬಳಿ ಇತ್ತು. ಅದನ್ನು ಕೇಳಿಸಿದರೆ ಅವ್ವನ ಮನಸ್ಸು ತಿರುಗೀತು ಎಂದು ಅವಳ ಆಸೆ. ಮನೆಯಲ್ಲಿ ಕ್ಯಾಸೆಟ್ ಹಾಕಿದರೆ ಸೋಬಾನೆಯೆಂದು ತಿಳಿದೊಡನೆ ಅತ್ತೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಓಡುವ ಕಾರಿನಿಂದ ಎದ್ದು ಹೋಗುವುದು ಕಷ್ಟ. ಅವರ ಕಿವಿ ಕೊಂಚ ಮಂದವಾಗಿದ್ದರಿಂದ ಆಂಪ್ಲಿಫೈಯರ್.

ಶಿವಮೊಗ್ಗದಿಂದ ತಂದ ಆ ಪೆಟ್ಟಿಗೆಯನ್ನು ಮೆಕ್ಯಾನಿಕ್ಕನ ಕೈಯಲ್ಲಿ ಕೂರಿಸೋಣವೆಂದಳು. ವಿಜ್ಞಾನದ ಮೇಷ್ಟ್ರು ಒಪ್ಪುವುದುಂಟೆ? ಒಂದು ಭಾನುವಾರವಿಡೀ ಕಾರಿನೊಳಗೆ ತಲೆಕೆಳಗಾಗಿದ್ದೆ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಕೆಂಪು ತಂತಿ ಎಳೆದೆ. ಚಂದ ಕಾಣಲಿ ಎಂದು ಟೇಪಿನಿಂದ ಬರುವ ತಂತಿಯನ್ನೂ ಅದರ ಜೊತೆಗೇ ಜಡೆಯ ಹಾಗೆ ಹೆಣೆದೆ. ಅರ್ಥಿಂಗಿನ ಕಪ್ಪು ತಂತಿಯನ್ನು ಡಿಕ್ಕಿಯ ಒಂದು ಬೋಲ್ಟಿಗೆ ಸುತ್ತಿದೆ. ಎಂಜಿನ್ ಆರಿದ್ದಾಗ ಹಾಡು ಚೆನ್ನಾಗಿಯೇ ಬಂತು. ಎಂಜಿನ್ ಶುರುವಾದದ್ದೇ ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಹೊರಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು.

"ಅವ್ವನ ಹಾಡಲ್ಲಿ ದುಂಬಿ ಹೊಕ್ಕಂಗಿದೆ ಕಣ್ರೀ" ಎಂದಳು ಗಿರಿಜಾ.

ಮುಂದಿನ ಮೂರು ಭಾನುವಾರ ಎಲ್ಲವನ್ನೂ ಬಿಚ್ಚಿ ಮತ್ತೆ ಹಾಗೆಯೇ ಕಟ್ಟಿದೆ. ದುಂಬಿ ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಅತ್ತೆ ಒಂದು ವಾರಕ್ಕೆಂದು ನಮ್ಮಲ್ಲಿಗೆ ಬಂದರು. ಮಂಡಿನೋವು ಜೋರಾಗಿತ್ತು, ಇನ್ನು ಮೇಲೆ ಬರಲಾರೆ ಎಂದರು. ಅವರನ್ನು ಊರಿಗೆ ಬಿಡಲು ಹೊರಟಾಗ ಶಿರಾಳಕೊಪ್ಪ ಬರುತ್ತಿದ್ದಂತೆ ಗಿರಿಜಾ, "ಬಸವರಾಜನ ಅಂಗಡಿ ಮುಂದೆ ನಿಲ್ಲಿಸ್ರೀ" ಎಂದಳು. ಅದು ಸಲಹೆಯಾಗಿರಲಿಲ್ಲ.

ಬಸವರಾಜ ನನ್ನ ಹಳೆಯ ವಿದ್ಯಾರ್ಥಿ, ಈಗ ಗಾಡಿಗಳ ವೈರಿಂಗ್ ಮಾಡುವವನು. "ಕಾರಿಗೆ ರಬ್ಬರಿನ ಟೈರು ಇರ್ತಾವಲ್ಲ ಸರ್, ಅದರ ಅರ್ಥ್ ಭೂಮಿಗೆ ಹೆಂಗ್ ಹೋಗ್ತೈತಿ?" ಎಂದು ತರಗತಿಯಲ್ಲಿ ಕೇಳಿದ್ದಕ್ಕೆ ಅವನನ್ನು ನಾನು ಹೊರಗೆ ಕಳಿಸಿದ್ದೆ. ಅವನ ಅಂಗಡಿಯ ಮುಂದೆ ಇಷ್ಟು ದಿನ ನಾನು ನಿಲ್ಲದಿರಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಬಸವರಾಜ ನಮಸ್ಕಾರ ಮಾಡಿ, ಎಂಜಿನ್ ಓಡಿಸಿ ಟೇಪಿನ ಗುಂಯ್ ಸದ್ದು ಕೇಳಿ, ನೇರ ಡಿಕ್ಕಿಯೊಳಗೆ ಬಗ್ಗಿದ.

"ಬಣ್ಣದ ಮ್ಯಾಲೆ ಅರ್ಥ್ ಕೊಟ್ಟೀರಲ್ರೀ ಸರ್. ಬಣ್ಣ ಕರೆಂಟ್ ಬಿಡಂಗಿಲ್ಲ. ಅರೆಬರೆ ತಗಲಿಕೊಂಡೈತಿ ಅಷ್ಟೇ."

ಬೋಲ್ಟಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ ಬಿಳಿಯ ತಗಡು ಕಾಣುವಂತೆ ಮಾಡಿದ. ಗೇಣುದ್ದದ ದಪ್ಪ ತಂತಿಗೆ ಬಳೆಯಂಥ ತುದಿ ಕೂರಿಸಿ ಬಿಗಿದ. ನನ್ನ ಜಡೆಯನ್ನು ಬಿಚ್ಚಿ, ಒಂದರ ಸದ್ದು ಇನ್ನೊಂದಕ್ಕೆ ಹತ್ತದಂತೆ ಟೇಪಿನ ತಂತಿಯನ್ನು ಎಡಕ್ಕೆ, ಬ್ಯಾಟರಿಯದನ್ನು ಬಲಕ್ಕೆ ಹಾಯಿಸಿದ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಜು ಹಾಕಿದ. "ಇದಿಲ್ಲಂದ್ರ ತಂತಿ ಎಲ್ಲಾರ ಸವೆದು ತಗಡಿಗೆ ತಗಲಿದ್ರ ಗಾಡೀನೇ ಸುಡತೈತ್ರೀ" ಎಂದ. ಇಷ್ಟು ದಿನ ಅದಿಲ್ಲದೆಯೇ ಹೆಂಡತಿಯನ್ನು ಕೂರಿಸಿಕೊಂಡು ಓಡಾಡಿದ್ದೆ.

"ಕಾರಿಗೆ ಭೂಮಿ ಬ್ಯಾಡ್ರೀ, ಅದರ ಮೈಯೇ ಭೂಮಿ" ಎಂದು ಬಸವರಾಜ ತನ್ನ ಹಳೆಯ ಪ್ರಶ್ನೆಗೆ ತಾನೇ ಉತ್ತರ ಹೇಳಿದ.

"ಅವತ್ತು ನಿನ್ನನ್ನು ಹೊರಗೆ ಕಳಿಸಿದ್ದು ನನಗೇ ಉತ್ತರ ಗೊತ್ತಿಲ್ಲದ್ದಕ್ಕೆ ಕಣೋ" ಎಂದೆ.

ಅವನು ಸ್ಪ್ಯಾನರ್ ಒರೆಸುತ್ತಾ, "ಗೊತ್ತಿತ್ರೀ ಸರ್" ಎಂದ.

ಸೊರಬ ದಾಟಿದ ಮೇಲೆ ಗಿರಿಜಾ ಕ್ಯಾಸೆಟ್ ಹಾಕಿದಳು. ದುಂಬಿ ಹೋಗಿತ್ತು. ಮದುವೆಮನೆಯ ಬಳೆಗಳ ಸದ್ದು ಕೂಡ ಕೇಳುವಷ್ಟು ನಿಚ್ಚಳವಾಗಿ ಹಾಡು ಬಂತು. ಕಿಟಕಿಯತ್ತ ಮುಖ ಮಾಡಿದ್ದ ಅತ್ತೆ ನಿಧಾನವಾಗಿ ಈಚೆ ತಿರುಗಿದರು.

"ಯಾರೇ ಇವ್ಳು?"

ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುವುದರಿಂದ ಯಂತ್ರದಲ್ಲಿ ಕೇಳಿದಾಗ ಪರಕೀಯವಾಗಿ ತೋರುತ್ತದೆ. ಈ ಪಾಠ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗಿರಿಜಾ ನನ್ನತ್ತ ನೋಡಿದ ರೀತಿಗೆ ಅಲ್ಲೇ ನಿಂತಿತು.

ಅತ್ತೆ ಇನ್ನಷ್ಟು ಕೇಳಿದರು. "ದನಿ ಅಡ್ಡಿಲ್ಲ. ಮೂರ್ನೇ ನುಡಿ ಬಿಟ್ಟೇಬಿಟ್ಲಲ್ಲೆ. ಯಾರು ಕಲ್ಸಿದ್ರೇ ಇವ್ಳಿಗೆ?"

"ಅದು ಹೆಂಗೆ ಬರ್ಬೇಕಿತ್ತವ್ವಾ?" ಗಿರಿಜಾ ಹಿಂದೆ ತಿರುಗದೆಯೇ ಕೇಳಿದಳು.

"ಮೊದ್ಲು ಅದನ್ನ ಆರ್ಸು ಮಾರಾಯ್ತಿ."

ಅಷ್ಟು ಪಾಡುಪಟ್ಟು ಸರಿಮಾಡಿದ ಆಂಪ್ಲಿಫೈಯರನ್ನು ಆರಿಸುವಾಗ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಮೊದಲ ಸಾಲಿನಲ್ಲಿ ಅತ್ತೆಯ ದನಿ ನಡುಗಿತು, ಎರಡನೆಯದರಲ್ಲಿ ಹಾದಿ ಹಿಡಿಯಿತು. ಬಿಟ್ಟುಹೋದ ನುಡಿಯನ್ನು ಹೇಳಿದವರು ಅಲ್ಲಿಗೆ ನಿಲ್ಲಿಸಲಿಲ್ಲ, ಇನ್ನೊಂದು ಹಾಡಿಗೆ ಹೋದರು. ಗಿರಿಜಾ ಸೆರಗಿನಿಂದ ಕಣ್ಣೊತ್ತಿಕೊಂಡು ರಸ್ತೆಯ ಧೂಳು ಎಂದಳು.

ಉಳವಿ ಬಂದಾಗ ಹಾಡು ಇನ್ನೂ ಅರ್ಧಕ್ಕಿತ್ತು. ನಾನು ಅವರ ಮನೆಯ ಮುಂದೆ ನಿಲ್ಲಿಸದೆ ಊರು ದಾಟಿಸಿ, ಒಂದು ಮೈಲಿ ಆಚೆಯವರೆಗೂ ಮೆಲ್ಲಗೆ ಹೋಗಿ, ಹಾಡು ಮುಗಿದ ಮೇಲೆ ಕಾರನ್ನು ತಿರುಗಿಸಿದೆ.