ಪದ್ದತ್ತೆಯ ಬೀಗರ ಹಾಡು

ಎಪ್ಪತ್ತರ ದಶಕದ, ಆಂಧ್ರ ಗಡಿಯ ನಮ್ಮ ಆದವಾನಿಯಲ್ಲಿ ಬೇಸಿಗೆಯೆಂದರೆ ಊರಿಗೆಲ್ಲ ಶೇಂಗಾ ಎಣ್ಣೆಯ ವಾಸನೆ, ಓಣಿಗೊಂದು ಮದುವೆ. ನಾವು ಹುಡುಗಿಯರು ಒಗ್ಗಾಣಿ-ಮಿರ್ಚಿ ತಿಂದ ಕೈಯನ್ನು ಲಂಗಕ್ಕೆ ಒರೆಸಿ ಕುಂಟಾಟಕ್ಕೆ ಓಡುತ್ತಿದ್ದೆವು. ಸುತ್ತಲಿನ ಕೋಸಗಿ, ಪೆದ್ದಹರಿವಾಣದಂಥ ಊರುಗಳಿಂದ ಬಂದ ಮದುವೆ ಮನೆಯ ಹೆಂಗಸರು ಮಾತ್ರ ನೇರ ನಮ್ಮ ಅಡುಗೆಮನೆಗೆ ನುಗ್ಗುತ್ತಿದ್ದರು. ಅಲ್ಲಿ ಅಪ್ಪನ ಅಕ್ಕ ಪದ್ದತ್ತೆ ಇದ್ದಳು. ಬೀಗರನ್ನು ಹಂಗಿಸುವ ಹಾಡು ಕಟ್ಟುವುದರಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ. ಕನ್ನಡದಲ್ಲಿ ಶುರುವಾದ ಬೈಗುಳ ತೆಲುಗಿನಲ್ಲಿ ಹೊರಳಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಆದರೆ ಗಂಡ ಸತ್ತವಳೆಂದು ಅವಳು ಮದುವೆಯ ಚಪ್ಪರದ ಹತ್ತಿರ ಸುಳಿಯುವಂತಿರಲಿಲ್ಲ. ಹಾಡು ಶುಭ, ಕಟ್ಟಿದವಳು ಅಶುಭ. ನಮ್ಮ ದೊಡ್ಡವರ ಶಾಸ್ತ್ರಜ್ಞಾನ ಅಷ್ಟಿತ್ತು.

ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪನ ಗುರುತಿನ ಪ್ರೊಫೆಸರೊಬ್ಬರು ಟೇಪ್ ರೆಕಾರ್ಡರ್ ಹೊತ್ತು ಬಂದಿಳಿದರು. ಜಾನಪದ ಸಂಗ್ರಹವಂತೆ. ಪದ್ದತ್ತೆ ಮಾಡಿದ ಹುಳಿ, ಹೋಳಿಗೆಗಳನ್ನು ವಾರವಿಡೀ ಉಂಡು ತೇಗಿದರು. ಅತ್ತೆ ಬಾಗಿಲ ಮರೆಯಲ್ಲಿ ಕೂತು ಹಾಡಿದಳು.

"ತಾಯಿ, ಆ ತೆಲುಗು, ಉರ್ದು ಮಾತು ತೆಗೆದು ಹಾಡಿ. ನಮಗೆ ಶುದ್ಧ ಜಾನಪದ ಬೇಕು," ಎಂದರು ಪ್ರೊಫೆಸರು.

ಅತ್ತೆ ಅಚ್ಚ ಕನ್ನಡದಲ್ಲೇ ಎತ್ತಿದಳು:

"ಕರೆಯದೆ ಬಂದಾನ ಬೀಗ, ಕೈಚೀಲ ತಂದಾನ ಬೀಗ,
ಉಂಡದ್ದು ಸಾಲದಂತ, ಹಾಡಿನ ಬುತ್ತಿ ಕಟ್ಟಂತ."

ಅಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಪ್ರೊಫೆಸರು ಕಣ್ಣು ಮುಚ್ಚಿ ತಲೆದೂಗಿ, "ಬಹಳ ಪ್ರಾಚೀನವಾದದ್ದು," ಎಂದರು.

"ಈಗ ಕಟ್ಟೀನ್ರಿ," ಅಂದಳು ಅತ್ತೆ. "ಪುಸ್ತಕದಾಗ ನನ್ನ ಹೆಸರು ಹಾಕ್ರಿ. ಪದ್ಮಾವತಿಬಾಯಿ ಅಂತ."

ಅಪ್ಪನ ಮುಖ ಬಿಗಿಯಿತು. "ಅಕ್ಕಾ, ಸುಮ್ಮನಿರು. ನಮ್ಮ ಮನಿ ಹೆಣ್ಣುಮಕ್ಕಳ ಹೆಸರು ಊರೂರು ತಿರುಗಬೇಕೇನು?"

ಪ್ರೊಫೆಸರು ನಕ್ಕರು. "ಜನಪದಕ್ಕೆ ಹೆಸರಿರುವುದಿಲ್ಲ ತಾಯಿ. ಅದು ಜನಪದರದ್ದು, ಎಲ್ಲರದ್ದು."

"ಹಂಗಾದ್ರ ಪುಸ್ತಕದ ಮ್ಯಾಲೆ ಎಲ್ಲಾರ ಹೆಸರು ಹಾಕ್ತೀರೋ, ನಿಮ್ಮದೊಂದೇ ಹಾಕ್ತೀರೋ?"

ಕಾಫಿ ಮಾಡಲು ಅವಳನ್ನೇ ಒಳಗೆ ಕಳಿಸಿದರು.

ಮುಂದಿನ ಬೇಸಿಗೆಯಲ್ಲಿ ಹಾಡು ಕೇಳಿಕೊಂಡು ಬಂದವರಿಗೆ ಅತ್ತೆ, ಸಾರಿಗೆ ಒಗ್ಗರಣೆ ಹಾಕುತ್ತಲೇ, "ಜನಪದರನ್ನ ಕೇಳ್ರಿ," ಎಂದಳು. ತಮಾಷೆಯೆಂದು ಅವರು ನಕ್ಕರು, ಕಾದರು, ಎದ್ದು ಹೋದರು.

ಎಂ.ಎ. ತರಗತಿಯಲ್ಲಿ ಆ ಮಹಾಶಯರ ಪುಸ್ತಕವೇ ನನಗೆ ಪಠ್ಯವಾಯಿತು. 'ಅತಿಥಿ ಸತ್ಕಾರದ ಪ್ರಾಚೀನ ಗೀತೆ. ಕರ್ತೃ ಅಜ್ಞಾತ' ಎಂಬ ಟಿಪ್ಪಣಿಯೊಂದಿಗೆ ಅತ್ತೆಯ ಬೈಗುಳ ಅದರಲ್ಲಿತ್ತು. ಬೈಸಿಕೊಂಡವನಿಗೇ ಅದಕ್ಕಾಗಿ ಶಾಲು ಹೊದಿಸಿದ್ದರು. ಆಮೇಲೆ ನಾನೂ ಹೆಣ್ಣುಮಕ್ಕಳ ಸಾಹಿತ್ಯ, ವಸಾಹತೋತ್ತರ ಚಿಂತನೆ ಎಂದು ಪಾಠ ಹೇಳುವವಳಾದೆ. 'ದನಿಯಿಲ್ಲದವರಿಗೆ ದನಿ ಕೊಡುತ್ತೇವೆ' ಎಂದು ವಿಚಾರ ಸಂಕಿರಣಗಳಲ್ಲಿ ಗಂಟಲು ಹರಿದುಕೊಳ್ಳುವ ದಾನಶೂರರ ಪಕ್ಕದಲ್ಲಿ ಕೂತು ಉಂಡಿದ್ದೇನೆ. ಪದ್ದತ್ತೆಗೆ ದನಿ ಇತ್ತು. ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಪ್ರತಿ ವರ್ಷ ನನ್ನ ವಿದ್ಯಾರ್ಥಿನಿಯರ ಕೈಯಲ್ಲಿ 'ಅಜ್ಞಾತ' ಎಂಬುದನ್ನು ಹೊಡೆದುಹಾಕಿಸಿ ಅವಳ ಹೆಸರು ಬರೆಸಿದೆ. ಅಷ್ಟು ನನ್ನಿಂದಾಯಿತು.

ಹಾಡು ಕಟ್ಟುವುದನ್ನು ಬಿಟ್ಟಾಗ ಅವಳಿಗೆ ನಲವತ್ತೂ ಆಗಿರಲಿಲ್ಲ. ಎಂಬತ್ತು ದಾಟಿ ಬದುಕಿದಳು. ನಡುವಿನ ಅಷ್ಟೂ ವರ್ಷ ಅಡುಗೆಮನೆಯಿಂದ ಕೇಳಿಸಿದ್ದು ಪಾತ್ರೆಗಳ ಸದ್ದು ಮಾತ್ರ.