ಹುರುಳಿಯ ಮೇಲೆ ಕೆಂಪು ಕಾರು

ಕಾರು ನನ್ನದು, ಕಾಗದ ಮಾತ್ರ ಅಣ್ಣನ ಹೆಸರಿನಲ್ಲಿತ್ತು. ಮಧುಗಿರಿಯ ಹೈಸ್ಕೂಲಿನಲ್ಲಿ ಎಂಟು ವರ್ಷ ಲೆಕ್ಕದ ಪಾಠ ಹೇಳಿ ಉಳಿಸಿದ ಸಂಬಳದಲ್ಲಿ ಕೊಂಡಿದ್ದೆ. ಹೆಣ್ಣುಮಗಳ ಹೆಸರಿಗೆ ಕಾರು ಯಾಕೆ ಎಂದು ಅಪ್ಪ ಅವನ ಹೆಸರು ಬರೆಸಿದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಿಂದಿನ ಬಾಗಿಲು ಮೇಲಕ್ಕೆ ತೆರೆಯುವ ಪುಟ್ಟ ಕಾರುಗಳು ಆಗಷ್ಟೇ ನಮ್ಮ ಕಡೆ ಕಾಣತೊಡಗಿದ್ದವು.

ಪುಟ್ಟದಾದರೇನು, ನನಗೆ ಅದು ಹಾರಬೇಕಿತ್ತು. ಶಿರಾದ ಮೇಸ್ತ್ರಿಯೊಬ್ಬರ ಹತ್ತಿರ ಒಯ್ದು ಅಗಲದ ಟೈರು ಹಾಕಿಸಿದೆ, ಎಂಜಿನ್ನಿನ ಜೋರು ಹೆಚ್ಚಿಸಿಕೊಂಡೆ. ತಿರುವಿನಲ್ಲಿ ವಾಲದಿರಲೆಂದು ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸಲು ಹೇಳಿದೆ.

"ಅಕ್ಕಾ, ನಮ್ ರೋಡ್ ಹೆಂಗೈತೆ ಗೊತ್ತಲ್ಲ? ಇಷ್ಟ್ ಇಳ್ಸೋದು ಬ್ಯಾಡ" ಎಂದರು ಅವರು.

"ಇಳಿಸಿ ಸಾಬ್ರೇ, ಓಡಿಸೋಳು ನಾನು" ಎಂದೆ. ಬುದ್ಧಿ ಹೇಳಿದವರ ಮೇಲೆ ಸಿಟ್ಟಾಗುವುದು ನನ್ನ ಹುಟ್ಟುಗುಣ.

ಅಣ್ಣ ಪಾವಗಡ–ಮಧುಗಿರಿ ಖಾಸಗಿ ಬಸ್ಸಿನ ಡ್ರೈವರು. ನನ್ನ ಕಾರು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಟೀಚರಮ್ಮ ಆಗಿ ಬುರ್ರ್ ಅಂತ ಓಡಾಡ್ತೀಯ. ಜನ ನನ್ನ ಕೇಳ್ತಾರೆ. ಸಂಕ್ರಾಂತಿ ಕಳೀಲಿ, ಮಾರ್ಬುಡ್ತೀನಿ" ಎಂದ. ಸಹಿ ಅವನದು, ಮಾರಬಹುದಿತ್ತು. ಅತ್ತು ಕರೆದು ಕೇಳುವ ಜಾಯಮಾನ ನನ್ನದಲ್ಲ.

"ಭಾನುವಾರ ಪಾವಗಡದಿಂದ ನಿನ್ನ ಬಸ್ಸು ಬಿಟ್ಟು ಅರ್ಧ ಗಂಟೆಗೆ ನಾನು ಹೊರಡ್ತೀನಿ. ಮಧುಗಿರಿಗೆ ನಾನು ಮೊದಲು ಬಂದ್ರೆ ಕಾರು ನನ್ನ ಹೆಸರಿಗೆ. ನೀನು ಮೊದಲು ಬಂದ್ರೆ ಕೀ ನಿನ್ನ ಕೈಗೆ."

ಅಣ್ಣ ಹೊಟ್ಟೆ ಹಿಡಿದು ನಕ್ಕ. "ಆಯ್ತು ಬುಡು. ಆಡಿದ್ ಮಾತು ತಪ್ಬಾರ್ದು."

ಆ ಭಾನುವಾರ ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಗುಂಡಿ ತಪ್ಪಿಸಿ, ಕುರಿಮಂದೆ ಕಂಡಲ್ಲಿ ಹಲ್ಲು ಕಚ್ಚಿಕೊಂಡು ನಿಂತು, ಮತ್ತೆ ಹಾರಿದೆ. ಮಿಡಿಗೇಶಿಗೆ ಇನ್ನೂ ದೂರವಿರುವಾಗಲೇ ಬಸ್ಸಿನ ಬೆನ್ನು ಕಂಡಿತು. ಹಾರನ್ ಒತ್ತಿ ಮುಂದೆ ಹೋಗುವಾಗ ಅಣ್ಣನ ಮುಖ ನೋಡಲೂ ಇಲ್ಲ. ಗೆದ್ದೇಬಿಟ್ಟೆ ಅಂದುಕೊಂಡೆ.

ಮಿಡಿಗೇಶಿ ದಾಟಿದ ತಿರುವಿನಲ್ಲಿ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರವಿದ್ದರು. ಕಣ ಮಾಡುವ ಬದಲು ಹೀಗೆ ಟಾರಿನ ಮೇಲೆ ಹರವಿದರೆ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸುತ್ತವೆ. ಆಗತಾನೇ ಹಾಸಿದ್ದು, ಮೊಣಕಾಲೆತ್ತರಕ್ಕೆ ಉಬ್ಬಿಕೊಂಡಿತ್ತು. ನಾನು ನುಗ್ಗಿಸಿದೆ. ನೂರು ಮಾರು ಹೋಗುವಷ್ಟರಲ್ಲಿ ಕಾರು ಮುಗ್ಗರಿಸಿ ನಿಂತಿತು. ಗಿಡವೆಲ್ಲ ತಗ್ಗಿಸಿದ ಕಾರಿನ ಹೊಟ್ಟೆಗೆ ಸಿಕ್ಕಿ, ಮುಂದಿನ ಚಕ್ರಗಳಿಗೆ ಹಗ್ಗದಂತೆ ಸುತ್ತಿಕೊಂಡಿತ್ತು. ಕಾದ ಸೈಲೆನ್ಸರಿನಿಂದ ಹೊಗೆ ಏಳುತ್ತಿತ್ತು.

"ಅಯ್ಯಯ್ಯೋ, ಬೆಂಕಿ ಹೊತ್ಕತದೆ ಕಣಮ್ಮೋ! ಬಸ್ ತುಳೀಲಿ ಅಂತ ಹರ್ವಿದ್ರೆ ಈ ಬೆಂಕಿಪಟ್ಣ ಎಲ್ಲಿಂದ ಬಂತು!" ಎಂದು ಹುರುಳಿ ಹರವಿದ್ದ ಮುದುಕಿಯೊಬ್ಬಳು ಬಾಯಿ ಬಡಿದುಕೊಂಡಳು. ಬೈಯುತ್ತಲೇ ಕುಡಿಯಲು ತಂದಿದ್ದ ಬಿಂದಿಗೆ ನೀರನ್ನು ಎತ್ತಿ ಕೊಟ್ಟಳು. ನೀರು ಎರಚಿ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಕಾರಿನಡಿ ಅಂಗಾತ ಮಲಗಿದೆ. ಎಷ್ಟು ಕಿತ್ತರೂ ಗಿಡ ಬರುತ್ತಲೇ ಇತ್ತು. ಅಂಗೈ ಎರಡು ಕಡೆ ಸುಟ್ಟಿತು.

ಅಷ್ಟರಲ್ಲಿ ಬಸ್ಸು ಬಂತು. ಅಣ್ಣ ನಿಲ್ಲಿಸಿ ಇಳಿದ. ಕಿಟಕಿಗಳಲ್ಲಿ ಜನ ಹಲ್ಲು ಕಿಸಿಯುತ್ತಿದ್ದರು.

"ಏಳೇ, ನಾನ್ ಕೀಳ್ತೀನಿ."

"ಮುಟ್ಟಬೇಡ. ನಿನ್ನ ದಾರಿ ನೀನು ನೋಡ್ಕೋ!" ಎಂದು ಕೆಳಗಿನಿಂದಲೇ ಕಿರುಚಿದೆ. ಸ್ವಲ್ಪ ಹೊತ್ತು ಅವನ ಚಪ್ಪಲಿಗಳು ಅಲ್ಲೇ ನಿಂತಿದ್ದವು. ಆಮೇಲೆ ಹೋದವು.

ಗಿಡವೆಲ್ಲ ಕಿತ್ತು ಮಧುಗಿರಿ ಸ್ಟ್ಯಾಂಡಿಗೆ ನಾನು ಬರುವಷ್ಟರಲ್ಲಿ ಬಸ್ಸು ಖಾಲಿಯಾಗಿತ್ತು. ಅಣ್ಣ ಟೀ ಕುಡಿಯುತ್ತಿದ್ದ. ಕೀ ಅವನ ಮುಂದಿಟ್ಟು ಮನೆಗೆ ನಡೆದೆ. ಕೊಟ್ಟ ಮಾತು ಮಾತೇ.

ಸಂಜೆ ನಮ್ಮ ಬೀದಿಯಲ್ಲಿ ನನ್ನ ಕಾರಿನ ಸದ್ದು ಕೇಳಿತು. ಗುರ್ರೆಂದು ಎಗರುವುದು, ನಿಲ್ಲುವುದು, ಮತ್ತೆ ಎಗರುವುದು. ಕೊನೆಗೆ ಅಣ್ಣ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

"ಥತ್, ಇದೇನ್ ಕಾರೇ! ಕ್ಲಚ್ ಬುಟ್ರೆ ಮೇಕೆ ಮರಿ ಎಗರ್ದಂಗೆ ಎಗರ್ತದೆ. ಮೂರು ಸಲ ಆಫಾಯ್ತು. ಹದಿನೈದು ವರ್ಷ ಬಸ್ ಓಡಿಸ್ದೋನು, ನೋಡ್ದೋರೆಲ್ಲ ನಕ್ಕರು." ಕೂತು ನೀರು ಕುಡಿದ. "ನಿನ್ ಹೆಸರಿಗೆ ಬರ್ಕೊಡ್ತೀನಿ."

"ಸುಟ್ಟ ಕೈ ನೋಡಿ ಅಯ್ಯೋ ಪಾಪ ಅಂತ ಕೊಡೋದಾದ್ರೆ ಬೇಡ. ನಾನು ಸೋತಿದೀನಿ."

"ಕೈ ಯಾವೋನ್ ನೋಡ್ದ? ಸ್ಟ್ಯಾಂಡಿಂದ ಮನೆಗೆ ತರೋಕೆ ನನ್ ಕೈಲಾಗ್ಲಿಲ್ಲ. ನೀನು ಇದನ್ನ ಇಟ್ಕಂಡು ನನ್ ಬಸ್ಸನ್ನೇ ಹಿಂದಾಕ್ದೆಯಲ್ಲೇ!"

ಅಲ್ಲಿಯವರೆಗೂ ತಡೆದಿದ್ದ ಅಳು ಬಂದುಬಿಟ್ಟಿತು. ನಾಚಿಕೆಯಾಗಿ ಮುಖ ತಿರುಗಿಸಿದೆ. ಅಣ್ಣ ಕೀಯನ್ನು ನನ್ನ ಮಡಿಲಿಗೆ ಹಾಕಿದ.

"ಆರ್‌ಟಿಓ ಆಫೀಸು ತುಮಕೂರಲ್ಲೈತೆ. ಕೈ ವಾಸಿಯಾಗ್ಲಿ, ಹೋಗಣ. ನೀನ್ ಓಡ್ಸು, ನಾನ್ ಪಕ್ಕದಲ್ಲಿ ಕೂತ್ಕತೀನಿ."