ಪೂಜೆ ಮಾಡಿಸಿಕೊಂಡವರ ಗತಿ

ಜಯನಗರ ಒಂಬತ್ತನೇ ಬ್ಲಾಕಿನ ಶಿವರಾಮ್ ಅವರ ಜೆರಾಕ್ಸ್ ಅಂಗಡಿಯಲ್ಲಿದ್ದ ಹಳೇ ಮಿಷಿನ್ನು ಒಮ್ಮೆ ಕೆಮ್ಮಿದರೆ, ಬನಶಂಕರಿಯಲ್ಲಿ ಬಸ್ಸು ಕಾಯುವವರು ಗುಡುಗೆಂದು ತಿಳಿದು ಕೊಡೆ ಬಿಚ್ಚುತ್ತಿದ್ದರು. ಅರ್ಧ ಜಯನಗರದ ಸೈಟುಗಳ ಜಾತಕ ಅದರ ಹೊಟ್ಟೆಯೊಳಗೆ ಹಾದುಹೋಗಿತ್ತು.

ಅದನ್ನು ನಡೆಸುತ್ತಿದ್ದವನು ಸುಮೇಧ, ಮೂವತ್ತು ದಾಟಿದ ಗಂಡಸು. ಅವನಿಗೆ ಆಟಿಸಂ ಇದೆಯೆಂದು ಡಾಕ್ಟರು ಚಿಕ್ಕಂದಿನಲ್ಲೇ ಹೇಳಿದ್ದರು. ಮನುಷ್ಯರ ಮುಖ ನೋಡಿ ಮನಸ್ಸು ತಿಳಿಯುವುದು ಅವನಿಗೆ ಕಷ್ಟ. ವಸ್ತುಗಳ ಬುದ್ಧಿ ಮಾತ್ರ ಥಟ್ಟನೆ ತಿಳಿಯುತ್ತಿತ್ತು. ಸ್ಟೇಪ್ಲರಿಗೆ ಸೋಮಾರಿತನ, ಫ್ಯಾನಿಗೆ ಚಾಡಿ ಹೇಳುವ ಚಾಳಿ, ಶಟರಿಗೆ ಜಂಬ. ಹಳೇ ಮಿಷಿನ್ನೊಂದೇ ನೆಟ್ಟಗಿನದು. ಬೇಜಾರಾದರೆ ಮುಚ್ಚುಮರೆಯಿಲ್ಲದೆ ಹಾಳೆ ಕಚ್ಚಿ ಹಿಡಿಯುತ್ತಿತ್ತು.

ಆಯುಧಪೂಜೆಯ ದಿನ ಶಿವರಾಮ್ ಆ ಮಿಷಿನ್ನಿಗೆ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ವರ್ಷವಿಡೀ ತೊಂದರೆ ಕೊಡಬೇಡಪ್ಪಾ ಎಂದು ಕೈಮುಗಿದು ಬೇಡಿಕೊಂಡರು. ಅದೇ ಬಟ್ಟಲಿನಿಂದ ಸುಮೇಧನ ಹಣೆಗೂ ಕುಂಕುಮವಿಟ್ಟು, ಕೈಗೊಂದು ಸ್ವೀಟ್ ಬಾಕ್ಸ್ ಕೊಟ್ಟರು.

ಮರುದಿನ ವಿಜಯದಶಮಿ. ಒಳ್ಳೇ ದಿನವೆಂದು ಹೊಸ ಮಿಷಿನ್ನು ಬಂದಿಳಿಯಿತು. ಹಳೆಯದು ಎಕ್ಸ್‌ಚೇಂಜಿಗೆ. ಅದನ್ನು ಒಯ್ಯಲು ಗೂಡ್ಸ್ ಆಟೋ ತಂದ ಚನ್ನವೀರ ಹಗ್ಗ ಬಿಚ್ಚಿದ್ದೇ ತಡ, ಸುಮೇಧ ಅಡ್ಡ ನಿಂತ.

ನಿನ್ನೆ ಹಾರ, ಇವತ್ತು ಹಗ್ಗ. ಅನುಮಾನ ಬರದಿರಲೆಂದೇ ಕುಂಕುಮ. ಸ್ವೀಟ್ ಬಾಕ್ಸನ್ನು ಅವನು ಇನ್ನೂ ತೆರೆದಿರಲಿಲ್ಲ; ಒಳ್ಳೆಯದೇ ಆಯಿತು ಅನ್ನಿಸಿತು. ಹೊಸ ಮಿಷಿನ್ನು ಹಸಿರು ದೀಪ ಮಿಟುಕಿಸುತ್ತ, ಏನೂ ಅರಿಯದವರಂತೆ ಕೂತಿತ್ತು.

"ಮಶೀನಿಗೆ ಕೇಳಿ ಒಯ್ಬೇಕೇನ್ರಿ?" ಎಂದು ಚನ್ನವೀರ ನಕ್ಕ.

"ಸರ್ಕೊ ಸುಮೇಧ. ಬರೀ ಮಿಷಿನ್ನು ಅದು. ಅದಕ್ಕೇನ್ ಗೊತ್ತಾಗುತ್ತೆ?" ಎಂದರು ಶಿವರಾಮ್.

"ಹಾಗಾದ್ರೆ ನಿನ್ನೆ ಯಾರ ಹತ್ರ ಮಾತಾಡಿದ್ರಿ ಅಂಕಲ್?"

ಚನ್ನವೀರನ ನಗು ನಿಂತಿತು. ನಿನ್ನೆಯ ಪೂಜೆಗೆ ಅವನ ಆಟೋಗೆ ಕಟ್ಟಿದ ಬಾಳೆಕಂದು ಇನ್ನೂ ಬಾಡಿರಲಿಲ್ಲ.

"ನನಗೂ ಕುಂಕುಮ ಇಟ್ಟಿದ್ದೀರ. ನನ್ನನ್ನ ಯಾವತ್ತು ಎಕ್ಸ್‌ಚೇಂಜ್ ಮಾಡ್ತೀರ?" ಎಂದು ಸುಮೇಧ ಕೇಳಿದ.

ಶಿವರಾಮ್ ಮಾತಿಗೆ ನಿಂತರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ ದಾರಿ ಬಿಡುತ್ತಿತ್ತು. ಅಂಥವರಿಗೆ ಮೊದಲು ಸಿಟ್ಟು ಬಂತು. ಅದು ಇಳಿಯುವಷ್ಟರಲ್ಲಿ ಮಿಷಿನ್ನಿನ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ, ಇದರ ಮುಖ ಯಾವ ಕಡೆ ಎಂದು ಕೇಳಿದರು. ಸುಮೇಧ ಮುಚ್ಚಳ ಎತ್ತಿ ಗಾಜು ತೋರಿಸಿದ. ರಸ್ತೆಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿ, ಶಿವರಾಮ್ ಬಗ್ಗಿದರು.

"ನಿನ್ನ ಪಾರ್ಟ್ಸ್ ಈಗ ಸಿಗಲ್ಲಪ್ಪಾ. ಅದಕ್ಕೇ ಕಳಿಸ್ತಿದ್ದೀನಿ. ನಿನ್ನೆನೇ ಹೇಳ್ಬೇಕಿತ್ತು." ತಿರುಗಿ ನೋಡದೆ ಗಾಜಿಗೇ ಹೇಳಿದರು: "ಸುಮೇಧನ್ನ ಕಳಿಸಲ್ಲ. ಹೊಸದನ್ನೂ ಅವನೇ ನಡೆಸ್ತಾನೆ."

ಮುಖ ಅಡ್ಡ ಬರದ ಮಾತು ಸುಮೇಧನಿಗೆ ಸಲೀಸು. ಆದರೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದು ತೂತು ಸಿಕ್ಕಿತು.

"ಮುಂದಿನ ವರ್ಷ?"

"ಮುಂದಿನ ವರ್ಷಾನೂ ಕಳಿಸಲ್ಲ."

ಸುಮೇಧ ಪಕ್ಕಕ್ಕೆ ಸರಿದ. ಹಗ್ಗ ಬಿಗಿದ ಚನ್ನವೀರ ಆಟೋ ಹತ್ತುವ ಮುಂಚೆ ತಗ್ಗಿದ ದನಿಯಲ್ಲಿ, ಕುಲುಕಾಡಿದರೆ ಇದಕ್ಕೆ ಸಿಟ್ಟು ಬರುತ್ತದೆಯೇ ಎಂದು ವಿಚಾರಿಸಿದ. ಬರುತ್ತದೆ, ಹಂಪ್ ಹತ್ತಿರ ನಿಧಾನ ಹೋಗಿ ಎಂದ ಸುಮೇಧ. ಆ ಆಟೋ ಗೊಟ್ಟಿಗೆರೆಯ ಗೋಡೌನು ಮುಟ್ಟುವಷ್ಟರಲ್ಲಿ ಎರಡು ಎಮ್ಮೆಗಳೂ ಒಂದು ಮೆರವಣಿಗೆಯೂ ಅದನ್ನು ಹಿಂದೆ ಹಾಕಿದ್ದವಂತೆ.

ಇತ್ತ ಸುಮೇಧ ಹೊಸ ಮಿಷಿನ್ನಿನ ಎದುರು ಸ್ಟೂಲ್ ಎಳೆದು ಕೂತ. ಅದು ಚೂರೂ ಸದ್ದಿಲ್ಲದೆ ಒಂದು ಹಾಳೆ ಹೊರಬಿಟ್ಟಿತು. ಇಷ್ಟು ಮೆತ್ತಗಿರುವವರನ್ನು ಅವನು ಅಷ್ಟು ಸುಲಭಕ್ಕೆ ನಂಬುವವನಲ್ಲ.